ಸೆಜಿಮಳ ರಿಕಾಪು

ಆರೋಗ್ಯ ಕೇಂದ್ರದ ಜೀಪು ಓಣಿಗೆ ತಿರುಗಿದ ಸದ್ದು ಕೇಳಿಸಿದರೆ ಸಾಕು, ಜಿಪಾರಳ ಹೊಟ್ಟೆಯಲ್ಲಿ ಯಾರೋ ಕೊಳ್ಳಿ ತಿರುವಿದಂತಾಗುತ್ತಿತ್ತು. ಜೀಪು ಬರುತ್ತಿದ್ದದ್ದು ಅವಳಿಗಾಗಿ ಅಲ್ಲವಲ್ಲ! ಅವಳ ವಾರಗಿತ್ತಿ ಬುರುಲಳಿಗಾಗಿ, ಆ ಬುರುಲ್ ಮೊನ್ನೆ ಮೊನ್ನೆ ಹೆತ್ತ ಒಂದು ಹಿಡಿ ಗಾತ್ರದ ಹೆಣ್ಣು ಕೂಸು ಸೆಜಿಮಳಿಗಾಗಿ. ಇನ್ನೂ ಕಣ್ಣು ನೆಟ್ಟಗೆ ನಿಲ್ಲದ ಕೂಸು. ಅದರ ತೂಕ ನೋಡಲು, ಹೊಕ್ಕುಳು ನೋಡಲು, ಅದು ದಿನಕ್ಕೆ ಎಷ್ಟು ಸಲ ಬಟ್ಟೆ ಒದ್ದೆ ಮಾಡುತ್ತದೆಂದು ಕೇಳಲು ಸರಕಾರ ಪೆಟ್ರೋಲು ಸುಟ್ಟು ಗುಡ್ಡ ಹತ್ತಿ ಬರುತ್ತಿತ್ತು. ಎಂಥ ಭಾಗ್ಯ ನೋಡಿ!

ತೆರೆಕ್-ಬೆಲ್ ಊರಿನಲ್ಲಿ ಹಿಂದೆಂದೂ ಯಾವ ಬಾಣಂತಿಗೂ ಇಂಥ ಮೆರವಣಿಗೆ ಆಗಿರಲಿಲ್ಲ. ಬುರುಲಳಿಗೆ ನೋವು ಶುರುವಾದಾಗ ಫೋನು ಮಾಡಿದ ಅರ್ಧ ಗಂಟೆಗೆ ಆಂಬುಲೆನ್ಸು ಬಂತು. ಜಿಲ್ಲಾಸ್ಪತ್ರೆಯಲ್ಲಿ ಬಿಳಿ ಹಾಸಿಗೆ, ಬಿಸಿನೀರು, ಒಂದು ಕಾಸು ಖರ್ಚಿಲ್ಲ. ಕೂಸಿನ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ರಾಜಧಾನಿಗೆ ಕಳಿಸಿದರಂತೆ, ಮುಂದೆ ಬರಬಹುದಾದ ಕಾಯಿಲೆ ಈಗಲೇ ಗೊತ್ತಾಗಲೆಂದು. ಅದೂ ಸಾಲದೆಂದು, ಮಗು ಹುಟ್ಟಿದ್ದಕ್ಕೆ ಸರಕಾರ ಸುಯುಂಚು ಬೇರೆ ಕೊಟ್ಟಿತು. ಸುಯುಂಚು ಅಂದರೆ ಸಿಹಿಸುದ್ದಿ ತಂದವರ ಕೈಗೆ ಸುದ್ದಿ ಕೇಳಿದವರು ಇಡುವ ಉಡುಗೊರೆ. ಅತ್ತೆ ಬಾತ್ಮಾಗೆ ಇದು ದೊಡ್ಡ ತಮಾಷೆಯಾಗಿತ್ತು. "ಹೆತ್ತೋಳು ನನ್ನ ಸೊಸೆ, ಖುಷಿಪಟ್ಟೋರು ನಾವು. ಮಧ್ಯದಲ್ಲಿ ಈ ಸರಕಾರಕ್ಕೆ ಏನಂತೆ ಸಂಭ್ರಮ?" ಎಂದು ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು.

ಜಿಪಾರ್ ಮಾತ್ರ ನಗುತ್ತಿರಲಿಲ್ಲ. ಅವಳ ಮಗಳು ಕಿಯಾಲ್ ಹುಟ್ಟಿದ್ದು ಇದೇ ಮನೆಯ ನೆಲದ ಮೇಲೆ, ಕುರಿಚರ್ಮದ ಹಾಸಿನಲ್ಲಿ. ಆ ಚಳಿಗಾಲದಲ್ಲಿ ಕಣಿವೆಯ ದಾರಿಗೆ ಹಿಮ ಬಿದ್ದು ಮುಚ್ಚಿತ್ತು. ಊರಿನ ಆರೋಗ್ಯ ಕೇಂದ್ರಕ್ಕೆ ಬೀಗ. ಅದರ ಛಾವಣಿ ಹಿಮದ ಭಾರಕ್ಕೆ ಕುಸಿದು, ಇದ್ದ ಒಬ್ಬ ಕಾಂಪೌಂಡರ್ ಬೇರೆ ಊರಿಗೆ ಹೋಗಿದ್ದ. ಹೊಕ್ಕುಳಬಳ್ಳಿ ಕತ್ತರಿಸಿದ್ದು ಅತ್ತೆ. ಆಮೇಲೆ ಯಾವ ಜೀಪೂ ಬರಲಿಲ್ಲ, ಯಾವ ಹಿಮ್ಮಡಿಯ ರಕ್ತವೂ ಎಲ್ಲಿಗೂ ಹೋಗಲಿಲ್ಲ.

ಕಿಯಾಲ್ ನಡೆಯಲು ಕಲಿತಾಗಲೇ ಗೊತ್ತಾದದ್ದು. ಬಲಗಾಲು ಗಿಡ್ಡ, ಹೆಜ್ಜೆಗೊಮ್ಮೆ ಸೊಂಟ ಒಂದು ಕಡೆ ವಾಲುತ್ತಿತ್ತು. ಬೆಳೆದಂತೆ ಸರಿಹೋಗುತ್ತದೆ ಎಂದರು ಕೆಲವರು. ಕಣ್ಣು ಬಿದ್ದಿದೆ ಎಂದರು ಕೆಲವರು. ದಾರಿ ಸರಿಯಾದ ಮೇಲೆ, ಮಗುವಿಗೆ ಮೂರು ತುಂಬಿದಾಗ, ಜಿಪಾರ್ ಅದನ್ನು ಬೆನ್ನಿಗೆ ಕಟ್ಟಿಕೊಂಡು ಜಿಲ್ಲಾಸ್ಪತ್ರೆಗೆ ಹೋದಳು. ಅಲ್ಲಿಯ ಡಾಕ್ಟರು ಮೂಳೆಯ ಫೋಟೋ ತೆಗೆಸಿ, ಬೆಳಕಿಗೆ ಹಿಡಿದು, "ಹುಟ್ಟುವಾಗಲೇ ತೊಡೆಯ ಮೂಳೆ ಸೊಂಟದ ಕುಳಿಯಲ್ಲಿ ಸರಿಯಾಗಿ ಕೂತಿಲ್ಲಮ್ಮ. ನೀವು ಅದೂ ಸಾಲ್ದು ಅಂತ ಕಾಲು ನೆಟ್ಟಗೆ ಮಾಡಿ ತೊಟ್ಟಿಲಿಗೆ ಬಿಗಿದು ಕಟ್ಟಿದೀರಿ. ಕೈಗೂಸಾಗಿದ್ದಾಗ ಕರ್ಕೊಂಡು ಬಂದಿದ್ರೆ ಒಂದು ಪಟ್ಟಿ ಹಾಕಿ ಸರಿ ಮಾಡ್ತಿದ್ದೆ. ಈಗ ಚಾಕು ಹಾಕ್ಬೇಕು, ಅದೂ ರಾಜಧಾನಿಯಲ್ಲಿ, ಅದಕ್ಕೂ ಸರದಿ ಇದೆ" ಎಂದರು. ಆ ಸರದಿ ಇನ್ನೂ ಬಂದಿಲ್ಲ. ಕಿಯಾಲಳಿಗೆ ಈಗ ಎಂಟು. ಶಾಲೆಯಲ್ಲಿ ಅವಳನ್ನು ಬಾತುಕೋಳಿ ಎನ್ನುತ್ತಾರೆ. ಒಂದು ಪಟ್ಟಿ ಎಂಬ ಆ ಮಾತು ಜಿಪಾರಳ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡೇ ಇತ್ತು.

ಆ ಸೋಮವಾರ ಜೀಪು ಬಂದಾಗ ಮನೆಯಲ್ಲಿ ಬಾತ್ಮಾ ಇರಲಿಲ್ಲ. ನಲವತ್ತು ದಿನ ತುಂಬಿದ ಮೇಲೆ ಕೂಸಿಗೆ ತೊಡಿಸುವ ಅಂಗಿ ನಲವತ್ತು ಮನೆಯ ತುಂಡು ಬಟ್ಟೆಯಿಂದ ಆಗಬೇಕಲ್ಲ, ಅದಕ್ಕೆ ಚಿಂದಿ ಕೇಳಿಕೊಂಡು ಬರಲು ಹೋಗಿದ್ದಳು. ಜಿಪಾರಳ ಗಂಡ ಕುದುರೆ ಹಿಂಡಿನ ಜೊತೆ ಮೇಲಿನ ಹುಲ್ಲುಗಾವಲಿನಲ್ಲಿದ್ದ. ಬುರುಲಳ ಗಂಡ ಕುಬಾನ್ ಬಾಡಿಗೆ ಕಾರು ತೆಗೆದುಕೊಂಡು ಪೇಟೆಗೆ ಹೋಗಿದ್ದ. ಬುರುಲಳಿಗೆ ಹಾಲು ಕಟ್ಟಿ ಜ್ವರ ಬಂದಿತ್ತು, ಹಿಂದಿನ ರಾತ್ರಿಯಿಡೀ ನರಳಿ ಆಗಷ್ಟೇ ಕಣ್ಣು ಮುಚ್ಚಿದ್ದಳು. ಕೂಸು ಜಿಪಾರಳ ತೊಡೆಯ ಮೇಲಿತ್ತು.

ನರ್ಸ್ ರಖಾತ್ ಬಾಗಿಲಲ್ಲೇ ನಿಂತು ಕೂಗಿದಳು. ದಪ್ಪ ಹೆಂಗಸು, ನಾಲ್ಕು ಹೆಜ್ಜೆಗೆ ಏದುಸಿರು.

"ಅತ್ತೆ ಇಲ್ವೇನೇ ಇವತ್ತು? ಹಾಗಾದ್ರೆ ನಂಗೆ ಹೊಗೆ ಹಾಕೋರು ಯಾರು?"

ನಲವತ್ತು ದಿನ ಮುಗಿಯುವವರೆಗೆ, ತೊಟ್ಟಿಲ ಶಾಸ್ತ್ರಕ್ಕೆ ಕರೆದ ಹೆಂಗಸರನ್ನು ಬಿಟ್ಟರೆ, ಹೊರಗಿನವರು ಕೂಸನ್ನು ನೋಡಬಾರದು. ನರ್ಸಿಗೆಂದು ಬಾತ್ಮಾ ದೊಡ್ಡ ಮನಸ್ಸು ಮಾಡಿ ನಿಯಮ ಸಡಿಲಿಸಿದ್ದಳು, ಆದರೆ ಪ್ರತಿ ಸಲ ಕಣ್ಣು ತಗಲದಿರಲೆಂದು ಆರ್ಚಾ ಮರದ ಸೊಪ್ಪಿನ ಹೊಗೆಯನ್ನು ಅವಳ ತಲೆಯ ಸುತ್ತ, ಚೀಲದ ಸುತ್ತ, ತಕ್ಕಡಿಯ ಸುತ್ತ ಆಡಿಸದೆ ಒಳಗೆ ಬಿಡುತ್ತಿರಲಿಲ್ಲ.

"ನಾನೇ ಹಾಕ್ತೀನಿ ಬನ್ನಿ," ಎಂದಳು ಜಿಪಾರ್. "ಕಣ್ಣಲ್ಲಿ ನೀರು ಬರೋ ಹಾಗೆ ಹಾಕ್ತೀನಿ."

"ಅಯ್ಯೋ ತಾಯಿ, ಬೇಡ. ನಿನ್ನ ಮುಖ ನೋಡಿದ್ರೇ ಹೊಗೆ ಕಾಣತ್ತೆ," ಎಂದು ನಗುತ್ತಾ ರಖಾತ್ ಒಳಗೆ ಬಂದಳು.

ಅವಳು ಬುರುಲಳ ಹಣೆ ಮುಟ್ಟಿ ನೋಡಿ ಮಾತ್ರೆ ಇಟ್ಟಳು. ಮೊನ್ನೆ ಬಂದಾಗ ಇದೇ ರಖಾತ್ ಬುರುಲಳ ಪಕ್ಕ ಕೂತು ಮೆಲ್ಲಗೆ, "ಹಾಲು ಬರ್ತಿದ್ಯಾ ಮಗಳೇ? ನಿದ್ದೆ? ಸುಮ್‌ಸುಮ್ನೆ ಅಳು ಬರತ್ತಾ? ಬಂದ್ರೆ ಮುಚ್ಚಿಡ್ಬೇಡ, ನಂಗೆ ಹೇಳು" ಎಂದು ಕೇಳಿದ್ದಳು. ಪಕ್ಕದ ಕೋಣೆಯಲ್ಲಿ ಹಿಟ್ಟು ನಾದುತ್ತಿದ್ದ ಜಿಪಾರಳಿಗೆ ಅದು ಕೇಳಿಸಿ ಕೈ ನಿಂತುಹೋಗಿತ್ತು. ಕಿಯಾಲ್ ಹುಟ್ಟಿದ ಆ ಚಳಿಗಾಲವಿಡೀ ಅವಳು ಕೊಟ್ಟಿಗೆಯಲ್ಲಿ ಹಸುವಿನ ಹೊಟ್ಟೆಗೆ ತಲೆ ಆನಿಸಿ ಅತ್ತಿದ್ದಳು. ಅಳು ಬರುತ್ತಾ ಎಂದು ಅವಳನ್ನು ಈವರೆಗೆ ಒಂದು ನರಪಿಳ್ಳೆಯೂ ಕೇಳಿಲ್ಲ. ಆಂಬುಲೆನ್ಸು, ಬಿಳಿ ಹಾಸಿಗೆ, ಸುಯುಂಚು ಎಲ್ಲವನ್ನೂ ಅವಳು ಹೇಗೋ ನುಂಗಿಕೊಂಡಾಳು. ಆ ಒಂದು ಪ್ರಶ್ನೆಯನ್ನು ಮಾತ್ರ ನುಂಗಲಾಗಲಿಲ್ಲ.

ರಖಾತ್ ಕೂಸಿನ ಬಟ್ಟೆ ಬಿಚ್ಚಿದಳು. ತೂಗಿದಳು. ಬೆನ್ನು ತಟ್ಟಿದಳು. ಆಮೇಲೆ ಅಂಗಾತ ಮಲಗಿಸಿ, ಎರಡೂ ಮೊಣಕಾಲು ಮಡಿಸಿ, ಕಪ್ಪೆಯ ಕಾಲಿನ ಹಾಗೆ ಆ ಕಡೆ ಈ ಕಡೆ ಅಗಲಿಸಿದಳು. ಎಡಗಾಲು ಸಲೀಸಾಗಿ ಮಲಗಿತು. ಬಲಗಾಲು ಅರ್ಧಕ್ಕೇ ನಿಂತಿತು. ರಖಾತಳ ಮುಖದ ನಗು ಹೋಯಿತು. ಇನ್ನೊಂದು ಸಲ ಮಾಡಿ ನೋಡಿದಳು.

"ಏನಾಯ್ತು?" ಎಂದಳು ಜಿಪಾರ್. ಏನಾಯಿತೆಂದು ಅವಳಿಗೆ ಆಗಲೇ ಗೊತ್ತಿತ್ತು. ತೊಡೆಯ ಮಡಿಕೆಗಳನ್ನು ಅವಳು ನೋಡಿದ್ದಳು. ಒಂದು ಕಡೆ ಎರಡು, ಇನ್ನೊಂದು ಕಡೆ ಮೂರು. ಅವಳ ಮಗಳಿಗೂ ಹೀಗೇ ಇತ್ತು. ಆಗ ಅದನ್ನು ಎಲ್ಲರೂ ಮುದ್ದು ಎಂದಿದ್ದರು.

"ಏನೂ ಇಲ್ದೇ ಇರಬಹುದು. ಆದ್ರೂ ತೋರಿಸ್ಬೇಕು. ಗುರುವಾರ ರಾಜಧಾನಿಯಿಂದ ಮೂಳೆ ಡಾಕ್ಟರು ಯಂತ್ರ ತಗೊಂಡು ಜಿಲ್ಲಾಸ್ಪತ್ರೆಗೆ ಬರ್ತಾರೆ, ಮಧ್ಯಾಹ್ನದವರೆಗೂ ಇರ್ತಾರೆ. ತಪ್ಪಿದ್ರೆ ಮತ್ತೆ ಬರೋದು ಎಲೆ ಉದುರೋ ಕಾಲಕ್ಕೆ, ಅಷ್ಟೊತ್ತಿಗೆ ಕೆಲಸ ಕೆಡತ್ತೆ. ನಾನು ಅವರಿಗೆ ಫೋನ್ ಮಾಡಿ ಹೇಳಿರ್ತೀನಿ. ಮತ್ತೆ ನೋಡು, ಅಲ್ಲೀವರೆಗೂ ಇದನ್ನ ತೊಟ್ಟಿಲಿಗೆ ಕಟ್ಬೇಡಿ. ಕಾಲು ಹೀಗೇ ಅಗಲವಾಗಿರಲಿ." ರಖಾತ್ ಬುರುಲಳ ಕಡೆ ನೋಡಿದಳು. "ಪಾಪ, ಎಬ್ಬಿಸ್ಬೇಡ. ಎದ್ದ ಮೇಲೆ ನೀನೇ ಹೇಳು. ನಾನು ಇವತ್ತೇ ಹುಲ್ಲುಗಾವಲಿಗೆ ಹೋಗ್ತಿದ್ದೀನಿ, ಅಲ್ಲಿರೋ ಮಕ್ಕಳಿಗೆ ಚುಚ್ಚುಮದ್ದು ಹಾಕೋಕೆ. ಮೇಲೆ ಫೋನೂ ಸಿಗಲ್ಲ. ಹೇಳ್ತೀಯಲ್ಲ?"

"ಹೇಳ್ತೀನಿ," ಎಂದಳು ಜಿಪಾರ್.

ಜೀಪು ಹೋಯಿತು. ಜಿಪಾರ್ ಕೂಸಿಗೆ ಬಟ್ಟೆ ಸುತ್ತಿ ತಾಯಿಯ ಪಕ್ಕ ಮಲಗಿಸಿದಳು. ಬುರುಲ್ ಸಂಜೆಗೆ ಎದ್ದು ಕೂತು, "ರಖಾತಕ್ಕ ಬಂದಿದ್ರಾ? ಏನಂದ್ರು?" ಎಂದು ಕೇಳಿದಳು.

"ತೂಕ ಚೆನ್ನಾಗಿದೆಯಂತೆ," ಎಂದಳು ಜಿಪಾರ್. "ಮಾತ್ರೆ ಕೊಟ್ಟಿದಾರೆ, ನುಂಗು."

ಸುಳ್ಳೇನೂ ಅಲ್ಲ, ತೂಕ ಚೆನ್ನಾಗಿಯೇ ಇತ್ತು. ಉಳಿದದ್ದನ್ನು ನಾಳೆ ಹೇಳಿದರಾಯಿತು, ಜ್ವರದವಳಿಗೆ ಈಗಲೇ ಯಾಕೆ ಗಾಬರಿ ಎಂದು ತನಗೆ ತಾನೇ ಹೇಳಿಕೊಂಡಳು. ಮಾರನೆಯ ದಿನ ಜ್ವರ ಇಳಿಯಿತು. ಬುರುಲ್ ಎದ್ದು ತಲೆ ಬಾಚಿಕೊಂಡು ನಗುತ್ತಾ ಕೂತಳು. ಜಿಪಾರ್ ಎರಡು ಸಲ ಅವಳ ಬಾಗಿಲವರೆಗೆ ಹೋದಳು, ಎರಡು ಸಲವೂ ಬಾಯಿಗೆ ಬೀಗ ಬಿತ್ತು. ನನಗೆ ಯಾರು ಬಂದು ಹೇಳಿದರು? ಇವಳಿಗೆ ಮಾತ್ರ ಯಾಕೆ ಎಲ್ಲರೂ ಓಡಿ ಬಂದು ಹೇಳಬೇಕು? ಹೀಗೆ ಕುದಿಯುತ್ತಾ ಅವಳು ಹಾಲಿನ ಪಾತ್ರೆಯನ್ನು ಉಜ್ಜಿದ ರಭಸಕ್ಕೆ ಅದರ ಹಿಡಿಯೇ ಕಿತ್ತು ಬಂತು.

ಆ ದಿನವೇ ಕುಬಾನ್ ಪೇಟೆಯಿಂದ ಒಂದು ಪೆಟ್ಟಿಗೆ ತಂದ. ಬುರುಲ್ ಅದನ್ನು ಕಿಯಾಲಳ ಮುಂದಿಟ್ಟಳು. ಒಳಗೆ ಕೆಂಪು ಬೂಟು. ಬಲಗಾಲಿನದಕ್ಕೆ ಒಂದು ಬೆರಳು ದಪ್ಪದ ಅಟ್ಟೆ ಹೆಚ್ಚಿಗೆ ಹೊಲಿಸಿತ್ತು.

"ಅಕ್ಕ, ಚಮ್ಮಾರನಿಗೆ ಹೇಳಿ ಮಾಡ್ಸಿದ್ದು," ಎಂದಳು ಬುರುಲ್, ನಾಚಿಕೊಂಡು. "ಸುಯುಂಚು ಬಂತಲ್ಲ, ಮೊದಲು ಇವಳಿಗೆ ಏನಾದ್ರೂ ತರಬೇಕು ಅನ್ನಿಸ್ತು. ಓಡಾಡೋಕೆ ಸುಲಭ ಆಗತ್ತೆ."

ಕಿಯಾಲ್ ಬೂಟು ಹಾಕಿಕೊಂಡು ಅಂಗಳದಲ್ಲಿ ಮೂರು ಸುತ್ತು ಹೊಡೆದಳು. ವಾಲುವುದು ಸ್ವಲ್ಪ ಕಡಿಮೆಯಾದಂತಿತ್ತು. ಬೇರೆ ಯಾವ ತಾಯಿಯಾದರೂ ವಾರಗಿತ್ತಿಯ ಕೈ ಹಿಡಿದು ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಜಿಪಾರಳಿಗೆ ಮೈಯೆಲ್ಲ ಉರಿಯಿತು. ತನ್ನ ಮಗಳಿಗೆ ಇವಳ ಮಿಕ್ಕಿದ ಭಾಗ್ಯದಲ್ಲಿ ಪಾಲೇ? ಕೊಡುವ ಕೈಯೂ ಇವಳದೇ ಆಗಬೇಕೇ? ಆಗ ಒಂದು ಯೋಚನೆ ಬಂತು. ಅವಳ ಮಗುವೂ ಕುಂಟಲಿ. ಒಂದೇ ಮನೆಯಲ್ಲಿ ಇಬ್ಬರು ಕುಂಟಿದರೆ ನನ್ನ ಮಗಳನ್ನು ಯಾರೂ ಬಾತುಕೋಳಿ ಎನ್ನುವುದಿಲ್ಲ. ಯೋಚನೆ ಬಂದದ್ದಕ್ಕೆ ಜಿಪಾರ್ ತಾನೇ ಹೆದರಿದಳು. ಆದರೆ ಅದನ್ನು ಹೊರಗೆ ಅಟ್ಟಲಿಲ್ಲ, ನಿಜ ಹೇಳಬೇಕೆಂದರೆ ಅದನ್ನು ಒಳಗೆ ಕೂರಿಸಿ ಬಾಗಿಲು ಹಾಕಿಕೊಂಡಳು.

ಅಷ್ಟರಲ್ಲಿ ಬಾತ್ಮಾ ಚಿಂದಿಯ ಗಂಟಿನ ಜೊತೆ ಸುದ್ದಿಯನ್ನೂ ಹೊತ್ತು ಬಂದಳು. ಗುರುವಾರ ತೊಟ್ಟಿಲ ಶಾಸ್ತ್ರ, ನೆರೆಹೊರೆಗೆಲ್ಲ ಹೇಳಿಯಾಗಿದೆ, ಕುರಿ ಗೊತ್ತುಮಾಡಿಯಾಗಿದೆ.

"ಗುರುವಾರವೇ?" ಎಂದಳು ಜಿಪಾರ್.

"ಯಾಕೆ, ಗುರುವಾರ ನಿಂಗೇನು ಲಗ್ನ ಇದ್ಯಾ? ಅಟ್ಟದ ಮೇಲಿರೋ ತೊಟ್ಟಿಲು ಇಳಿಸಿ ಒರೆಸು. ಎಷ್ಟು ಮಕ್ಕಳು ಮಲಗಿದ ತೊಟ್ಟಿಲೋ ಅಷ್ಟು ಒಳ್ಳೇದು."

ಆ ತೊಟ್ಟಿಲು ಜಿಪಾರಳ ತವರಿನದು. ಚೊಚ್ಚಲಿಗೆಂದು ಅವಳ ತಾಯಿ ಕೆಂಪು ಬಣ್ಣ ಬಳಿಸಿ ಕತ್ತೆಯ ಮೇಲೆ ಹೇರಿಸಿ ಕಳಿಸಿದ್ದಳು. ಕಿಯಾಲ್ ಅದರಲ್ಲೇ ಮಲಗಿ ಬೆಳೆದವಳು. ಜಿಪಾರ್ ಅದನ್ನು ಇಳಿಸಿದಳು, ಒರೆಸಿದಳು, ಕಾಲು ಕಟ್ಟುವ ಅಗಲದ ಪಟ್ಟಿಗಳನ್ನು ಒಗೆದು ಬಿಸಿಲಿಗೆ ಹಾಕಿದಳು. ಬುಧವಾರವೂ ಹೇಳಲಿಲ್ಲ.

ಗುರುವಾರ ಬೆಳಿಗ್ಗೆಯಿಂದಲೇ ಮನೆ ತುಂಬಿತು. ಅಂಗಳದಲ್ಲಿ ಗಂಡಸರು ಕುರಿ ಕುಯ್ದು ಹಂಡೆಗೆ ಹಾಕಿದರು. ಒಳಗೆ ಹೆಂಗಸರು ಚಹಾ ಕುಡಿಯುತ್ತಾ, ಎಣ್ಣೆಯಲ್ಲಿ ಕರಿದ ಬೋರ್ಸೋಕನ್ನು ಕೆನೆಯಲ್ಲಿ ಅದ್ದಿ ತಿನ್ನುತ್ತಾ, ಹಾಜರಿಲ್ಲದವರ ಕಥೆ ಹೇಳುತ್ತಾ ಕೂತರು. ಜಿಪಾರ್ ಚಹಾ ಬಗ್ಗಿಸುತ್ತಿದ್ದಳು. ಬಗ್ಗಿಸುವಾಗೆಲ್ಲ ಕಣ್ಣು ಗೋಡೆಯ ಗಡಿಯಾರದ ಕಡೆ. ಈಗ ಹೊರಟರೂ ಡಾಕ್ಟರು ಸಿಗುತ್ತಾರೆ. ಈಗ ಹೊರಟರೂ ಸಿಗುತ್ತಾರೆ.

"ಜಿಪಾರ್, ಕಪ್ಪು ತುಂಬಿ ಹರೀತಿದೆ ಕಣೇ! ಎಲ್ಲಿದ್ಯೇ?" ಎಂದಳು ಒಬ್ಬಳು.

"ಅವಳಿಗೆ ಏನು ತುಂಬಿ ಹರೀತಿದೆ ಅಂತ ನಂಗೊತ್ತು," ಎಂದಳು ಇನ್ನೊಬ್ಬಳು ತಗ್ಗಿದ ದನಿಯಲ್ಲಿ. ಹೆಂಗಸರು ತಲೆವಸ್ತ್ರದ ತುದಿ ಬಾಯಿಗೆ ಹಿಡಿದು ನಕ್ಕರು.

ಬಾತ್ಮಾ ಕೋಣೆಯ ನಡುವೆ ತೊಟ್ಟಿಲಿಟ್ಟು, ಹೊಗೆ ಹಿಡಿದು, ಕೂಸನ್ನು ಎತ್ತಿಕೊಂಡಳು. ಕಿಯಾಲ್ ಕೆಂಪು ಬೂಟು ಹಾಕಿಕೊಂಡು ತೊಟ್ಟಿಲ ತಲೆಭಾಗಕ್ಕೆ ಒರಗಿ ನಿಂತಿದ್ದಳು. ಕಾಲಿನ ಪಟ್ಟಿ ಹಿಡಿದುಕೊಳ್ಳುವ ಕೆಲಸ ಅವಳದು.

"ಅಜ್ಜಿ, ನನ್ನನ್ನೂ ಇದ್ರಲ್ಲೇ ಕಟ್ಟಿದ್ರಾ?"

"ಇದ್ರಲ್ಲೇ. ಇದೇ ಪಟ್ಟೀಲಿ."

"ನಾನು ಅಳ್ತಿದ್ನಾ?"

"ಅಬ್ಬಬ್ಬಾ, ಅಳೋದಾ! ಕಾಲು ನೆಟ್ಟಗೆ ಎಳೆದ್ರೆ ಸಾಕು, ಮನೆ ಮಾಡು ಹಾರಿಹೋಗೋ ಹಾಗೆ ಕಿರುಚ್ತಿದ್ದೆ. ಹಟಮಾರಿ! ನಾನು ಬಿಟ್ನಾ? ಬಿಗಿದು ಕಟ್ಟಿದೆ."

ಹೆಂಗಸರು ನಕ್ಕರು. ಕಿಯಾಲ್ ಕೂಡ ನಕ್ಕಳು. ಜಿಪಾರ್ ಚಹಾದ ಕೆಟಲನ್ನು ಕೆಳಗಿಟ್ಟಳು.

ಶಾಸ್ತ್ರ ಶುರುವಾಯಿತು. ಬಾತ್ಮಾ ಕೂಸನ್ನು ಬೇಕೆಂದೇ ತಲೆಕೆಳಗಾಗಿ, ಕಾಲಿರಬೇಕಾದಲ್ಲಿ ತಲೆ ಇಟ್ಟು ಮಲಗಿಸಿ, ಏನೂ ತಿಳಿಯದವಳ ಹಾಗೆ ಎಲ್ಲರ ಮುಖ ನೋಡಿದಳು.

"ಹೀಗಾ?"

"ಅಲ್ಲ! ಅಲ್ಲ!" ಎಂದು ಹೆಂಗಸರೆಲ್ಲ ಒಟ್ಟಿಗೆ ಕೂಗಿದರು.

ಬಾತ್ಮಾ ಕೂಸನ್ನು ಎತ್ತಿ ಅಡ್ಡಡ್ಡ ಮಲಗಿಸಿದಳು. "ಮತ್ತೆ ಹೀಗಾ?"

"ಅಲ್ಲ! ಮುದುಕಿಗೆ ಮರೆವು ಬಂತು!"

ಮೂರನೆಯ ಸಲ ಸರಿಯಾಗಿ ಮಲಗಿಸಿದಳು. ಕೈಗಳನ್ನು ಪಕ್ಕಕ್ಕೆ ಇಟ್ಟಳು. ಎರಡೂ ಕಾಲನ್ನು ಜೋಡಿಸಿ ಹಿಡಿದು ನೆಟ್ಟಗೆ ಎಳೆದಳು. ಕೂಸು ಕಿರುಚಿತು. ಹಸಿವಿನ ಅಳುವಲ್ಲ, ನಿದ್ದೆಯ ಅಳುವಲ್ಲ. ಆ ಅಳು ಯಾವುದೆಂದು ಇಡೀ ಕೋಣೆಯಲ್ಲಿ ಒಬ್ಬಳಿಗೆ ಗೊತ್ತಿತ್ತು.

"ಪಟ್ಟಿ ಕೊಡು ಮಗಳೇ," ಎಂದು ಬಾತ್ಮಾ ಕಿಯಾಲಳ ಕಡೆ ಕೈ ಚಾಚಿದಳು. ಕಿಯಾಲ್ ಪಟ್ಟಿ ಕೊಟ್ಟಳು. "ಹೀಗಾ?"

"ಹೌದು! ಹೌದು!" ಎಂದರು ಎಲ್ಲರೂ.

"ಅಲ್ಲ!" ಎಂದಳು ಜಿಪಾರ್.

ಮೊದಲು ನಗೆ ಎದ್ದಿತು. "ಈಗ ಹೌದು ಅನ್ಬೇಕು ಕಣೇ, ಆಟ ಮುಗೀತು!" ಎಂದಳು ಒಬ್ಬಳು.

"ಅಲ್ಲ ಅಂದೆ. ಹಾಗಲ್ಲ. ಕಟ್ಬೇಡಿ!" ಜಿಪಾರ್ ಜನರನ್ನು ತಳ್ಳಿಕೊಂಡು ಬಂದು ಅತ್ತೆಯ ಕೈಯಿಂದ ಪಟ್ಟಿ ಕಿತ್ತು ಬಿಸಾಡಿ, ಕೂಸನ್ನು ತೊಟ್ಟಿಲಿಂದ ಎತ್ತಿಕೊಂಡಳು. ಚಹಾದ ಬಟ್ಟಲೊಂದು ಉರುಳಿತು.

ಬಾತ್ಮಾಳ ಮುಖ ಕೆಂಪಾಯಿತು. "ನೋಡಿದ್ರಾ? ಎಲ್ಲಾರೂ ನೋಡಿದ್ರಾ? ಆ ಕೂಸು ಹುಟ್ಟಿದ ದಿನದಿಂದ ಹೊಟ್ಟೆ ಉರ್ಕೊಂಡು ಸಾಯ್ತಿದ್ದಾಳೆ! ಒಳ್ಳೇ ಗಳಿಗೇಲಿ ಅಪಶಕುನ ನುಡೀತಾಳೆ! ಕೆಳಗಿಡೇ ಮಗೂನ!"

"ಹೌದು, ಹೊಟ್ಟೆಕಿಚ್ಚೇ!" ಎಂದು ಜಿಪಾರ್ ಕಿರುಚಿದಳು. "ಯಾರಿಲ್ಲ ಅಂದ್ರು? ಉರೀತಾನೇ ಇದ್ದೀನಿ, ಸಾಯೋವರೆಗೂ ಉರೀತೀನಿ. ಆದ್ರೆ ಇದರ ಕಾಲು ಕಟ್ಟೋಕೆ ಬಿಡಲ್ಲ." ಅವಳು ಬುರುಲಳ ಮುಂದೆ ಮಂಡಿಯೂರಿ ಕೂಸಿನ ಬಟ್ಟೆ ಸರಿಸಿದಳು. "ನೋಡು. ಈ ತೊಡೇಲಿ ಎರಡು ಮಡಿಕೆ, ಈ ತೊಡೇಲಿ ಮೂರು. ಕಾಲು ಅಗಲಿಸು, ಬಲಗಾಲು ಬರಲ್ಲ. ಕಿಯಾಲ್‌ಗೂ ಹೀಗೇ ಇತ್ತು. ಇವತ್ತು ಜಿಲ್ಲಾಸ್ಪತ್ರೇಲಿ ಮೂಳೆ ಡಾಕ್ಟರು ಇದ್ದಾರೆ, ಮಧ್ಯಾಹ್ನಕ್ಕೆ ಹೋಗ್ಬಿಡ್ತಾರೆ. ಏಳು ಬುರುಲ್, ಹೊರಡು."

ಬುರುಲ್ ಕೂಸಿನ ತೊಡೆ ನೋಡಿದಳು. ಆಮೇಲೆ ಕಿಯಾಲಳ ಬೂಟು ನೋಡಿದಳು. ಅಷ್ಟೇ ಸಾಕಾಯಿತು. "ಕುಬಾನ್!" ಎಂದು ಅಂಗಳಕ್ಕೆ ಕೇಳುವ ಹಾಗೆ ಕೂಗಿದಳು. "ಕಾರು ತೆಗಿ!"

"ನಲವತ್ತು ದಿನ ಆಗಿಲ್ಲ! ಹೊಸಿಲು ದಾಟ್ಬೇಡ!" ಎಂದು ಬಾತ್ಮಾ ಬಾಗಿಲಿಗೆ ಅಡ್ಡ ಬಂದಳು. ಬುರುಲ್ ಅತ್ತೆಯ ತೋಳಿನ ಕೆಳಗೆ ನುಸುಳಿ ಬರಿಗಾಲಲ್ಲೇ ಅಂಗಳಕ್ಕೆ ಇಳಿದಳು. ಜಿಪಾರ್ ಕೂಸನ್ನೆತ್ತಿಕೊಂಡು ಹಿಂದೆ ಓಡಿದಳು. ಕೈಯೆಲ್ಲ ಮಾಂಸದ ಜಿಡ್ಡಾಗಿದ್ದ ಕುಬಾನ್ ಹಾಗೇ ಸ್ಟಿಯರಿಂಗ್ ಹಿಡಿದ. ಗಾಬರಿಯಲ್ಲಿ ಯಾರೂ ಕರೆಯದಿದ್ದರೂ ಕಿಯಾಲ್ ಹಿಂದಿನ ಸೀಟಿಗೆ ಹತ್ತಿ ಅಮ್ಮನ ಪಕ್ಕ ಕೂತಿದ್ದಳು.

ಕೆಳಗಿನ ತಿರುವಿನಲ್ಲಿ ಕುರಿಹಿಂಡೊಂದು ರಸ್ತೆ ತುಂಬ ನಿಂತಿತ್ತು. ಕುಬಾನ್ ಹಾರ್ನ್ ಒತ್ತಿ ಹಿಡಿದು, ಕುರಿಗಳಿಗೂ ಕುರುಬನಿಗೂ ಕುರುಬನ ಅಪ್ಪನಿಗೂ ಬೈದ. ಬುರುಲ್ ಕೂಸನ್ನು ಎದೆಗೆ ಕಚ್ಚಿಸಿಕೊಂಡು ಹಾಲು ಕುಡಿಸುತ್ತಿದ್ದಳು. ಜಿಪಾರ್ ಕಿಟಕಿಯ ಹೊರಗೆ ನೋಡುತ್ತಾ, ಹೋಗಿಬಿಟ್ಟಿದ್ದರೆ ನನ್ನ ಕಥೆ ಏನು ಎಂದು ಯೋಚಿಸುತ್ತಿದ್ದಳು.

ಡಾಕ್ಟರು ಹೋಗಿರಲಿಲ್ಲ, ಆದರೆ ಯಂತ್ರವನ್ನು ಪೆಟ್ಟಿಗೆಗೆ ತುಂಬಿಸುತ್ತಿದ್ದರು. ಬೋಳುತಲೆಯ, ದಣಿದ ಮುಖದ ಮನುಷ್ಯ. ಕೂಸಿನ ಹೆಸರು ಕೇಳಿದೊಡನೆ ಗದರಿದರು.

"ಈಗ ಬಂದ್ರಾ? ಬೆಳಿಗ್ಗೆಯಿಂದ ಕೂಗಿ ಕೂಗಿ ಗಂಟಲು ಬಿತ್ತು ನಂದು. ರಖಾತ್ ಸೋಮವಾರವೇ ಫೋನ್ ಮಾಡಿದ್ಳಲ್ಲ, ಕಳಿಸ್ತೀನಿ ಅಂತ."

ಬುರುಲ್ ಜಿಪಾರಳ ಕಡೆ ತಿರುಗಿದಳು. ಡಾಕ್ಟರು ಆಗಲೇ ಯಂತ್ರ ಹೊರತೆಗೆದಿದ್ದರು. ಕೂಸಿನ ಸೊಂಟಕ್ಕೆ ತಣ್ಣನೆಯ ಅಂಟು ಬಳಿದು, ಕಪ್ಪು ಬಿಳುಪಿನ ಪರದೆ ನೋಡಿ, ತಲೆಯಾಡಿಸಿದರು.

"ಬಲಗಡೆ ಮೂಳೆ ಕುಳಿಯಲ್ಲಿ ಕೂತಿಲ್ಲ. ಆದ್ರೆ ಒಳ್ಳೇ ಹೊತ್ತಿಗೆ ಬಂದ್ರಿ. ತೊಟ್ಟಿಲಿಗೆ ಕಟ್ಟಿಲ್ಲ ತಾನೇ?"

"ಇಲ್ಲ," ಎಂದಳು ಬುರುಲ್. "ಅಕ್ಕ ಕಟ್ಟೋಕೆ ಬಿಡ್ಲಿಲ್ಲ."

ಆ ಮಾತಿಗೆ ಜಿಪಾರಳಿಗೆ ನಿಂತ ನೆಲ ಬಾಯಿ ಬಿಡಬಾರದೇ ಎನಿಸಿತು.

ಡಾಕ್ಟರು ಬೀರುವಿನಿಂದ ಮೆತ್ತನೆಯ ಪಟ್ಟಿಗಳ ಒಂದು ಜೋಡು ತೆಗೆದರು. ಎದೆಗೊಂದು ಪಟ್ಟಿ, ಹೆಗಲಿನಿಂದ ಇಳಿದು ಬರುವ ಎರಡು ಪಟ್ಟಿ, ತುದಿಯಲ್ಲಿ ಪಾದ ತೂರಿಸಲು ಒಂದೊಂದು ಕುಣಿಕೆ. ಕೂಸಿನ ಕಾಲು ಮಡಿಸಿ ಅಗಲಿಸಿ ಪಾದಗಳನ್ನು ಕುಣಿಕೆಯಲ್ಲಿಟ್ಟು ಬಿಗಿದರು. ಕೂಸು ಅಳುವುದನ್ನು ಬಿಟ್ಟು ಛಾವಣಿ ನೋಡಿತು.

"ಇದಕ್ಕೆ ರಿಕಾಪು ಅಂತೀವಿ," ಎಂದರು ಡಾಕ್ಟರು, ಈಗ ಸ್ವಲ್ಪ ನಗುತ್ತಾ. "ಜೀನಿಂದ ನೇತಾಡೋ, ಸವಾರ ಕಾಲಿಡೋ ಕುಣಿಕೆ ಇರತ್ತಲ್ಲ, ಅದೇ ಹೆಸರು. ಕುದುರೆ ಹತ್ತೋ ಜನ ಅಲ್ವಾ ನಾವು! ನಿಮ್ಮ ಮಗಳು ನಡೆಯೋಕೆ ಮುಂಚೆನೇ ಸವಾರಿಗೆ ಕೂತಿದ್ದಾಳೆ. ಸ್ನಾನಕ್ಕೂ ಬಿಚ್ಬೇಡಿ. ಚಳಿಗಾಲದ ಹೊತ್ತಿಗೆ ತೆಗೆದುಬಿಡ್ತೀವಿ. ಆಮೇಲೆ ನೆಟ್ಟಗೆ ನಡೀತಾಳೆ, ಓಡ್ತಾಳೆ, ನೀವೇ ಹಿಡಿಯೋಕಾಗಲ್ಲ. ದುಡ್ಡೇನಿಲ್ಲ, ಒಂದು ವರ್ಷದೊಳಗಿನ ಮಕ್ಕಳಿಗೆ ಇದು ಸರಕಾರದ್ದು."

ಬುರುಲ್ ಅತ್ತಳು. ಕುಬಾನ್ ಜಿಡ್ಡು ಕೈಯಲ್ಲೇ ಕಣ್ಣು ಒರೆಸಿಕೊಂಡು ಕಾರಿಗೆ ನೀರು ಹಾಕುತ್ತೇನೆಂದು ಹೊರಗೆ ಹೋದ. ಜಿಪಾರ್ ಗೋಡೆಗೆ ಒರಗಿ ನಿಂತು ಆ ಪಟ್ಟಿಯನ್ನೇ ನೋಡಿದಳು. ಇಷ್ಟೇನಾ? ಎರಡು ಮೊಳ ಬಟ್ಟೆ, ನಾಲ್ಕು ಕೊಂಡಿ. ಬೀರುವಿನಲ್ಲಿ ಇನ್ನೂ ಒಂದು ರಾಶಿ ಇದ್ದವು. ಕೂಸು ಉಳಿಯಿತೆಂಬ ಸಮಾಧಾನ ಒಂದು ಕಡೆ ಬಂತು, ಅದರ ಬೆನ್ನಿಗೇ ಹಳೆಯ ಉರಿ ಹತ್ತು ಪಟ್ಟಾಗಿ ಎದ್ದಿತು. ಈ ಹುಡುಗಿ ಓಡುತ್ತಾಳೆ, ತನ್ನ ಮಗಳ ಮುಂದೆಯೇ ಓಡುತ್ತಾಳೆ.

"ಸೋಮವಾರ ರಖಾತಕ್ಕ ನಿಂಗೆ ಹೇಳಿದ್ರಾ?" ಎಂದಳು ಬುರುಲ್, ಕೂಸಿನ ಮೇಲಿಂದ ಕಣ್ಣೆತ್ತದೆ.

"ಹೇಳಿದ್ರು."

"ನಂಗೆ ಯಾಕೆ ಹೇಳ್ಲಿಲ್ಲ?"

ಸುಳ್ಳಿಗೇನು ಬರ, ಹತ್ತು ಸಿಕ್ಕುತ್ತಿದ್ದವು. ಮರೆತೆ ಎನ್ನಬಹುದಿತ್ತು, ನಿನಗೆ ಜ್ವರ ಎನ್ನಬಹುದಿತ್ತು. "ನಿನ್ನ ಮಗಳೂ ಕುಂಟಲಿ ಅಂತ," ಎಂದಳು ಜಿಪಾರ್.

ಬುರುಲ್ ಕೂಸನ್ನು ಎತ್ತಿ ಎದೆಗೆ ಅವಚಿಕೊಂಡು ಜಿಪಾರಳಿಗೆ ಬೆನ್ನು ತಿರುಗಿಸಿ ಕೂತಳು. ಡಾಕ್ಟರು ಇಬ್ಬರ ಮುಖವನ್ನೂ ನೋಡಿ ಪೆಟ್ಟಿಗೆಯ ಕಡೆ ಬಗ್ಗಿದರು.

ಆಗ ಕಿಯಾಲ್ ಬೀರುವಿನ ಹತ್ತಿರ ಹೋದಳು, ಕೆಂಪು ಬೂಟು ಟಕ್ ಟಕ್ ಎನ್ನುತ್ತಿತ್ತು. ಒಂದು ರಿಕಾಪನ್ನು ಬೆರಳಲ್ಲಿ ಮುಟ್ಟಿ, ಡಾಕ್ಟರ ಕೋಟು ಜಗ್ಗಿದಳು.

"ನಂಗೂ ಒಂದು ಹಾಕಿ. ನಾನು ಅಳಲ್ಲ."

ಡಾಕ್ಟರು ಅವಳ ಕಾಲು ನೋಡಿದರು, ಜಿಪಾರಳನ್ನು ನೋಡಿದರು. "ನಿಂಗೆ ಇದು ಚಿಕ್ಕದಾಗತ್ತೆ ಪುಟ್ಟಿ."

"ಹಾಗಾದ್ರೆ ದೊಡ್ಡದು ಬರೋವರೆಗೂ ಕಾಯ್ತೀನಿ," ಎಂದು ಕಿಯಾಲ್ ಅಲ್ಲೇ ಬೆಂಚಿನ ಮೇಲೆ ಕೂತು ಬೂಟು ಬಿಚ್ಚತೊಡಗಿದಳು.

ಜಿಪಾರ್ ಗೋಡೆ ಬಿಟ್ಟು ಕದಲಲಿಲ್ಲ. ಎದ್ದವಳು ಬುರುಲ್. ಅವಳು ಜಿಪಾರಳ ಮುಖ ನೋಡದೆ ಕೂಸನ್ನು ತಂದು ಅವಳ ತೋಳಿನಲ್ಲಿ ಇಟ್ಟಳು. "ಹಿಡ್ಕೋ," ಎಂದಳಷ್ಟೇ. ಆಮೇಲೆ ಕಿಯಾಲಳನ್ನು ಸೊಂಟಕ್ಕೆ ಕೈ ಹಾಕಿ ಎತ್ತಿ ಡಾಕ್ಟರ ಮಂಚದ ಮೇಲೆ ಕೂರಿಸಿದಳು.

"ಪೆಟ್ಟಿಗೆ ಮುಚ್ಬೇಡಿ," ಎಂದಳು. "ಇವಳನ್ನೂ ನೋಡಿ. ರಾಜಧಾನಿಯ ಸರದೀಲಿ ಇವಳ ಹೆಸರು ಎಲ್ಲಿದೆ ಅಂತ ಇಲ್ಲಿಂದಲೇ ಫೋನ್ ಮಾಡಿ ಕೇಳಿ. ಉತ್ತರ ಸಿಗೋವರೆಗೂ ನಾವು ಇಲ್ಲಿಂದ ಏಳಲ್ಲ."

ಡಾಕ್ಟರು ಗಡಿಯಾರ ನೋಡಿ, ನಿಟ್ಟುಸಿರು ಬಿಟ್ಟು, ಕುರ್ಚಿ ಎಳೆದುಕೊಂಡರು. ಗೋಡೆಯ ಬಳಿ ನಿಂತ ಜಿಪಾರಳ ತೋಳಿನಲ್ಲಿ ಸೆಜಿಮ್ ರಿಕಾಪಿನಲ್ಲಿ ಕಾಲಿಟ್ಟು, ಅವಳ ಮುಖವನ್ನೇ ನೋಡುತ್ತಾ ಎರಡೂ ಕಾಲಿನಿಂದ ಒದೆಯುತ್ತಿತ್ತು.